ಗರಿಯಿಲ್ಲದ ಬಾಣ

ನವೆಂಬರ್ 24, ಭಾನುವಾರ

ಭಾನುವಾರ ಅಂದರೆ ರಜೆ ಅನ್ನುವವರು ಒಂದು ಸಲ ನಮ್ಮ ಮನೆಗೆ ಬಂದು ನೋಡಬೇಕು. ಬೆಳಿಗ್ಗೆ ಇವರಿಗೆ ಮುಖ ತೊಳೆಸಿ, ಅಂಗಿ ತೊಡಿಸಿ, ರೊಟ್ಟಿ ಮುರಿದು ಪಲ್ಯದಲ್ಲಿ ನೆನೆಸಿ ಎಡಗೈಗೆ ಎಟುಕುವ ಹಾಗೆ ಇಟ್ಟೆ. ಆಮೇಲೆ ಬಟ್ಟೆ ಒಗೆದೆ. ಆಮೇಲೆ ಒಂಬತ್ತನೇ ತರಗತಿಯ ವಿಜ್ಞಾನದ ಪೇಪರು ತಿದ್ದಿದೆ. ಈಗ ಕೂತಿದ್ದೇನೆ, ಸೊಂಟ ನನ್ನದು ಹೌದೋ ಅಲ್ಲವೋ ಗೊತ್ತಾಗುತ್ತಿಲ್ಲ. ಬೇರೆ ಯಾರಿಗೂ ಹೇಳುವ ಹಾಗಿಲ್ಲ, ಇಲ್ಲಾದರೂ ಬರೆಯುತ್ತೇನೆ: ಸಾಕಾಗಿದೆ.

ಮಸ್ಕಿ ತಾಲೂಕಿನ ಹೊಲಗಳನ್ನೆಲ್ಲ ಅಳೆಯುತ್ತಿದ್ದ ಸರ್ವೇಯರ್ ರಾಜೇಶ ಸಾಹೇಬರು, ನನ್ನ ಯಜಮಾನರು, ಎರಡು ತಿಂಗಳಿಂದ ಮಂಚದ ಉದ್ದ ಅಳೆಯುತ್ತ ಮಲಗಿದ್ದಾರೆ. ಲಿಂಗಸುಗೂರಿನಲ್ಲಿ ಬಿಲ್ಲಿನ ಅಭ್ಯಾಸ ಮುಗಿಸಿ ಬರುತ್ತಿದ್ದರು. ಮಸ್ಕಿ ದಾಟಿದ ಮೇಲೆ ಲೈಟಿಲ್ಲದೆ ರಸ್ತೆ ಬದಿಗೆ ನಿಂತ ಟ್ರ್ಯಾಕ್ಟರಿನ ಟ್ರೇಲರಿಗೆ ಬೈಕು ಹೋಗಿ ಬಡಿಯಿತು. ಬಲಗಡೆಯ ಕಾಲರ್ ಎಲುಬು ಮುರಿದು, ಭುಜ ಕೀಲು ತಪ್ಪಿತು. ಬೆನ್ನಿಗೆ ಹಾಕಿಕೊಂಡಿದ್ದ ಬಾಣಗಳೆಲ್ಲ ಸೀಳಿ ಹೋದವು. ಬಿಲ್ಲು ಮಾತ್ರ ಉಳಿಯಿತು, ಅವತ್ತು ಅದನ್ನು ದಾರ ಬದಲಿಸಲು ರಹಿಮಾನ್ ಸರ್ ಹತ್ತಿರ ಬಿಟ್ಟು ಬಂದಿದ್ದರು.

ಪ್ಲೇಟು, ಸ್ಕ್ರೂ ಹಾಕಿದ ಡಾಕ್ಟರು ಎಲುಬು ಕೂಡಿದೆ, ಇನ್ನು ವ್ಯಾಯಾಮ ಮಾಡಿಸಿ ಅನ್ನುತ್ತಾರೆ. ಯಾರಿಂದ ಮಾಡಿಸಲಿ? ಮನುಷ್ಯ ಗೋಡೆ ಕಡೆ ಮುಖ ಮಾಡಿದರೆ ಊಟಕ್ಕೆ ಮಾತ್ರ ತಿರುಗುತ್ತಾರೆ. ಮೊನ್ನೆ ರಹಿಮಾನ್ ಸರ್ ಫೋನ್ ಮಾಡಿದ್ದರು. ಅವರು ಲಿಂಗಸುಗೂರಿನಲ್ಲಿ ಪಿ.ಟಿ. ಮಾಸ್ತರು, ಬಿಲ್ಲಿನ ಬಳಗ ನಡೆಸುವವರು. ಮಾರ್ಚ್ ಮೊದಲ ಭಾನುವಾರ ಸಾಂಪ್ರದಾಯಿಕ ಬಿಲ್ಲಿನವರ ಜಿಲ್ಲಾ ಆಯ್ಕೆ ಇದೆಯಂತೆ. ಇವರು ಕೇಳಿಸಿಕೊಂಡು, ಬಾಣನೂ ಇಲ್ಲ ಕೈನೂ ಇಲ್ಲ, ಅಲ್ಲಿಗೆ ಹೋಗಿ ಏನು ಮಾಡಲಿ ಅಂದರು. ಎರಡು ತಿಂಗಳಲ್ಲಿ ಅದೇ ಅತಿ ಉದ್ದದ ಮಾತು.

ಕೈ ನನ್ನಿಂದ ಮಾಡಲಾಗದು. ಬಾಣ ಆದೀತೇನೋ.

ನವೆಂಬರ್ 29, ಶುಕ್ರವಾರ

ಬಾಣ ಅಂದರೆ ಪೊರಕೆಯ ಹಾಗೆ ಅಂಗಡಿಗೆ ಹೋಗಿ ತರುವುದು ಅಂದುಕೊಂಡಿದ್ದೆ. ರಹಿಮಾನ್ ಸರ್ ಫೋನಿನಲ್ಲಿ ಅರ್ಧ ತಾಸು ಪಾಠ ಮಾಡಿದರು. ಕಾರ್ಬನ್ ಕಡ್ಡಿಗೆ ಇಂತಿಷ್ಟು ಬಾಗು ಅಂತ ಇರುತ್ತದೆ. ಐನೂರು, ಆರುನೂರು, ಏಳುನೂರು ಎಂದು ಸಂಖ್ಯೆ ಬರೆದಿರುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ಕಡ್ಡಿ ಮೆದು. ಈ ತಲೆಕೆಳಗಿನ ಲೆಕ್ಕ ಯಾರು ಹುಡುಕಿದರೋ.

ಇವರ ಬಿಲ್ಲಿನಲ್ಲಿ ಬಾಣ ಇಡಲು ಬೇರೆ ಜಾಗವಿಲ್ಲ, ಬಿಲ್ಲು ಹಿಡಿದ ಮುಷ್ಟಿಯ ಮೇಲೇ ಕೂರಬೇಕು. ಬಿಟ್ಟ ಕೂಡಲೇ ಕಡ್ಡಿ ಮೀನಿನ ಹಾಗೆ ಬಳುಕಿ ಬಿಲ್ಲಿನ ಕಟ್ಟಿಗೆಯನ್ನು ತಪ್ಪಿಸಿಕೊಂಡು ಹೋಗಬೇಕು. ಗಡುಸಾದರೆ ಬಳುಕದು, ಮೆದುವಾದರೆ ಅತಿಯಾಗಿ ಬಳುಕುತ್ತದೆ. ಸರಿಯಾಗಿದೆಯೋ ಇಲ್ಲವೋ ತಿಳಿಯಲು ಗರಿ ಅಂಟಿಸದ ಕಡ್ಡಿಯನ್ನೇ ಹೊಡೆದು ನೋಡಬೇಕಂತೆ. ಗರಿ ಇದ್ದರೆ ಅದು ತಪ್ಪು ಮುಚ್ಚಿಬಿಡುತ್ತದೆ. ನಾಟಿದ ಕಡ್ಡಿಯ ಬಾಲ ಎಡಕ್ಕೆ ವಾಲಿದರೆ ಗಡುಸು, ಬಲಕ್ಕೆ ವಾಲಿದರೆ ಮೆದು.

ಹೊಡೆದು ನೋಡುವವರು ಯಾರು ಎಂದು ಇವರನ್ನು ಕೇಳಿದೆ. ಗೋಡೆಗೇ ಉತ್ತರ ಹೇಳಿದರು.

"ನೀನ ಎಳದು ಬಿಡು. ಆದ್ರ ರಹಿಮಾನ್ ಸರ್‌ಗೆ ನಂಗ ಕೈ ಎತ್ತಾಕ ಬರಂಗಿಲ್ಲ ಅಂತ ಹೇಳಬ್ಯಾಡ. ನಾನ ಹೊಡ್ಯಾಕತ್ತೀನಿ ಅನ್ನು."

ಆಯ್ತು ಅಂದೆ. ಇಷ್ಟೊಂದು ಕೆಲಸದ ಜೊತೆಗೆ ಇನ್ನು ಸುಳ್ಳು ಹೇಳುವ ಕೆಲಸ ಬೇರೆ.

ಡಿಸೆಂಬರ್ 9, ಸೋಮವಾರ

ಐನೂರರ ಕಡ್ಡಿ ನಾಲ್ಕು ಬಂದಿವೆ, ರಹಿಮಾನ್ ಸರ್ ಬಿಲ್ಲನ್ನೂ ಕಳಿಸಿದ್ದಾರೆ. ನಮ್ಮ ಗೊರೇಬಾಳ ಶಾಲೆಯ ಹಿಂದೆ, ಕಾಲುವೆ ಏರಿಗೆ ಒರಗಿಸಿ ಗೋಣಿಚೀಲ ನಿಲ್ಲಿಸಿದ್ದೇನೆ. ಅದರ ಹೊಟ್ಟೆ ತುಂಬ ನಮ್ಮ ಅತ್ತೆ ಗದ್ದೆಮ್ಮನವರು ಕೊಟ್ಟ ಹಳೆಯ ಸೀರೆ. ಹೆಡ್‌ಮೇಡಂ ಶಾಲೆ ಬಿಟ್ಟ ಮೇಲೆ ಮಾತ್ರ, ಮಕ್ಕಳು ಒಬ್ಬರೂ ಇರಬಾರದು ಎಂದು ಒಪ್ಪಿದರು.

ಬಿಲ್ಲು ಎಳೆಯುವುದು ಅಂದರೆ ಏನು ಎಂದು ಇವತ್ತು ಗೊತ್ತಾಯಿತು. ದಾರ ನನ್ನ ಮುಖದ ಹತ್ತಿರವೂ ಬರಲಿಲ್ಲ. ಬಿಟ್ಟಾಗ ದಾರ ಎಡಗೈಗೆ ಫಟ್ಟನೆ ಬಡಿದು ಮುಂಗೈ ಕಂದಿದೆ. ಕಡ್ಡಿ ಚೀಲದ ಬುಡಕ್ಕೆ ಹೋಗಿ ಮಲಗಿತು. ಇವರು ಇದನ್ನು ಪ್ರತಿ ಭಾನುವಾರ ಖುಷಿಗಾಗಿ ಮಾಡುತ್ತಿದ್ದರಂತೆ. ಖುಷಿ!

ಮನೆಗೆ ಬಂದು ಮತ್ತೆ ರೊಟ್ಟಿ ತಟ್ಟಿದೆ.

ಡಿಸೆಂಬರ್ 10, ಮಂಗಳವಾರ

ಬೋರ್ಡಿನ ಮೇಲೆ ಬರೆಯಲು ಕೈ ಏಳಲಿಲ್ಲ. ಮಕ್ಕಳಿಗೆ ಓದಿಕೊಳ್ಳಿ ಎಂದೆ.

ಡಿಸೆಂಬರ್ 21, ಶನಿವಾರ

ದಾರ ಈಗ ಗಲ್ಲದ ತನಕ ಬರುತ್ತದೆ. ಪ್ರತಿ ಸಲ ಒಂದೇ ಜಾಗಕ್ಕೆ ಬರಬೇಕು, ಇಲ್ಲದಿದ್ದರೆ ಪರೀಕ್ಷೆಗೆ ಬೆಲೆಯಿಲ್ಲ ಎಂದು ನಾನೇ ನಿಯಮ ಮಾಡಿಕೊಂಡಿದ್ದೇನೆ. ಬಾಯಿಯ ತುದಿಗೆ ತೋರುಬೆರಳು ತಾಗಬೇಕು, ಆಮೇಲೆ ಬಿಡಬೇಕು.

ನಾಲ್ಕೂ ಕಡ್ಡಿಯ ಬಾಲ ಎಡಕ್ಕೇ. ಗಡುಸು. ಮೊನೆ ಭಾರವಾದರೆ ಕಡ್ಡಿ ಹೆಚ್ಚು ಬಳುಕುತ್ತದೆ ಎಂದು ಭಾರದ ಹಿತ್ತಾಳೆ ಮೊನೆ ಹಾಕಿ ನೋಡಿದೆ. ಆಗಲೂ ಎಡಕ್ಕೆ. ಹಳ್ಳಿಯ ಎಮ್ಮೆಯನ್ನಾದರೂ ತಿರುಗಿಸಬಹುದು, ಇದನ್ನಲ್ಲ.

ರಹಿಮಾನ್ ಸರ್‌ಗೆ ಫೋಟೊ ಕಳಿಸಿದೆ. ರಾಜೇಶ ಪೂರ್ತಿ ಎಳೆಯುತ್ತಿದ್ದಾನೋ ಇಲ್ಲವೋ ಎಂದು ಕೇಳಿದರು. ಎಳೆಯುತ್ತಾರೆ ಸರ್ ಅಂದೆ. ಪೆಟ್ಟಾದ ಭುಜ, ಮೊದಲಿನಷ್ಟು ಬರುವುದಿಲ್ಲ ಬಿಡಿ, ಫಿಕರ್ ಮಾಡಬೇಡಿ, ಏಳುನೂರರ ಕಡ್ಡಿ ತರಿಸಿ ಅಂದರು.

ಫೋನಿಟ್ಟ ಮೇಲೆ ಅದನ್ನೇ ಯೋಚಿಸಿದೆ. ಮೊದಲಿನಷ್ಟು ಬರುವುದಿಲ್ಲ. ಅದು ನನಗೆ ಗೊತ್ತಿಲ್ಲವೇ? ಚಮಚ ಎತ್ತಲಾರದ ಕೈ ಇನ್ನು ಎರಡು ತಿಂಗಳಲ್ಲಿ ಎಳೆದರೂ ನನ್ನಷ್ಟು ಎಳೆದರೆ ಹೆಚ್ಚು. ಹಾಗಾಗಿ ನನ್ನ ಕೈಗೆ ಸರಿಯಾದದ್ದು ಅವರಿಗೂ ಸರಿ. ಇದರಲ್ಲಿ ತಪ್ಪೇನೂ ಕಾಣಲಿಲ್ಲ. ಏಳುನೂರರ ಒಂದು ಡಜನ್ ಹೇಳಿದ್ದೇನೆ.

ಜನವರಿ 3, ಶುಕ್ರವಾರ

ಕೊರಿಯರ್‌ನವನು ಉದ್ದನೆಯ ಡಬ್ಬಿ ಕೊಟ್ಟು, ಅಕ್ಕಾರ, ಇದರಾಗ ಏನೈತ್ರಿ, ಪೈಪೇನು ಎಂದು ಕೇಳಿದ. ಹೂಂ ಅಂದೆ. ಎಲ್ಲರಿಗೂ ಪಾಠ ಮಾಡುತ್ತ ಕೂರಲು ನನಗೆ ಶಕ್ತಿಯಿಲ್ಲ.

ಇವುಗಳ ಬಾಲ ಬಲಕ್ಕೆ ಬಿತ್ತು. ಅಂದರೆ ಈಗ ಮೆದು. ಮೆದುವಾದರೆ ದಾರಿಯಿದೆ: ಉದ್ದ ಕಡಿಮೆ ಮಾಡಬೇಕು. ಸ್ಕೇಲನ್ನು ಮೇಜಿನ ಅಂಚಿಗೆ ಹಿಡಿದು, ಹೊರಗೆ ಉಳಿದದ್ದು ಉದ್ದವಿದ್ದರೆ ಹೆಚ್ಚು ಬಾಗುತ್ತದೆ, ಗಿಡ್ಡವಿದ್ದರೆ ಕಡಿಮೆ ಎಂದು ಪ್ರತಿ ವರ್ಷ ಮಕ್ಕಳಿಗೆ ಇದನ್ನೇ ತೋರಿಸುತ್ತೇನೆ. ಒಂದು ಕಡ್ಡಿಯನ್ನು ಸ್ವಲ್ಪ ಸ್ವಲ್ಪ ಕೊಯ್ದು ಹೊಡೆದು ನೋಡಬೇಕು, ಅದು ಸರಿ ಬಂದ ಮೇಲೆ ಉಳಿದವನ್ನು ಅದರ ಉದ್ದಕ್ಕೆ ಕೊಯ್ಯಬೇಕು. ಕೊಯ್ದದ್ದನ್ನು ಮತ್ತೆ ಉದ್ದ ಮಾಡಲು ಬರುವುದಿಲ್ಲ ಎಂದು ರಹಿಮಾನ್ ಸರ್ ಮೂರು ಸಲ ಹೇಳಿದರು.

ಕಾರ್ಬನ್ ಪುಡಿ ಶ್ವಾಸಕ್ಕೆ ಕೆಟ್ಟದ್ದಂತೆ. ಕೊರೊನಾ ಕಾಲದ ಮಾಸ್ಕ್ ಹುಡುಕಿ ಹಾಕಿಕೊಂಡು, ಕಡ್ಡಿಗೆ ಟೇಪು ಸುತ್ತಿ, ನೀರು ಹನಿಸುತ್ತ ಸಣ್ಣ ಹಲ್ಲಿನ ಗರಗಸದಿಂದ ಅಂಗಳದಲ್ಲಿ ಕೊಯ್ದೆ. ಅತ್ತೆ ಬಾಗಿಲಲ್ಲಿ ನಿಂತು, ಶಾಲೆ ಕೆಲಸ ಬಿಟ್ಟು ಬಡಿಗತನ ಹಿಡಿದೆಯೇನು ಎಂದು ಕೇಳಿದರು. ನಿಮ್ಮ ಮಗನ ಸಲುವಾಗಿ ಅತ್ತೆ ಅಂದೆ.

ಜನವರಿ 12, ಭಾನುವಾರ

ಇವತ್ತು ಬರೆಯಲೇಬೇಕು.

ಬೆಳಿಗ್ಗೆ ಬೇಗ ಗೊರೇಬಾಳಕ್ಕೆ ಹೋದೆ. ಭತ್ತದ ಸಸಿ ನಾಟಿ ಮಾಡುವವರು ಗದ್ದೆಯಲ್ಲಿ ಬಗ್ಗಿ ಹಾಡುತ್ತಿದ್ದರು, ಕಾಲುವೆಯಲ್ಲಿ ನೀರು ತುಂಬಿ ಹರಿಯುತ್ತಿತ್ತು. ಕಡ್ಡಿಯನ್ನು ಒಂದು ಬೆರಳಗಲ ಕೊಯ್ದುಕೊಂಡು ಬಂದಿದ್ದೆ. ಹೊಡೆದೆ, ಇನ್ನೂ ಬಲಕ್ಕೆ ಚೂರು ವಾಲಿತು. ಗರಗಸ ಚೀಲದಲ್ಲೇ ಇತ್ತು. ಇನ್ನೊಂದು ಉಗುರಗಲ ತೆಗೆದೆ, ಅಂಚು ಉಜ್ಜಿ ಮೊನೆ ಬಿಸಿ ಮಾಡಿ ಅಂಟಿಸಿದೆ, ಆರಲು ಬಿಟ್ಟೆ.

ಆಮೇಲೆ ಎಳೆದೆ. ಬೆರಳು ಬಾಯಿಯ ತುದಿಗೆ ಬಂದು ನಿಂತಿತು. ಯಾವಾಗ ಬಿಟ್ಟೆನೋ ನನಗೇ ಗೊತ್ತಾಗಲಿಲ್ಲ. ಕಡ್ಡಿ ಹೋಗುವುದು ಕಾಣಲೇ ಇಲ್ಲ, ಚೀಲದಲ್ಲಿ ಇರುವುದು ಮಾತ್ರ ಕಂಡಿತು. ಬಾಲ ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನೇರವಾಗಿ ನನ್ನನ್ನೇ ನೋಡುತ್ತಿತ್ತು. ಹತ್ತಿರ ಹೋಗಿ ಹಿಂದಿನಿಂದ ಒಂದು ಕಣ್ಣು ಮುಚ್ಚಿ ನೋಡಿದೆ. ಕಡ್ಡಿಯೇ ಕಾಣಲಿಲ್ಲ, ಬರೀ ಒಂದು ಕರಿ ಚುಕ್ಕೆ. ನಂಬಿಕೆ ಬರಲಿಲ್ಲ. ಮತ್ತೆ ಹೊಡೆದೆ. ಮತ್ತೆ ಹಾಗೇ. ದೂರ ಸರಿದು ಹೊಡೆದೆ, ಆಗಲೂ ಹಾಗೇ. ಸದ್ದು ಕೂಡ ಬೇರೆಯಾಗಿತ್ತು. ಮೊದಲೆಲ್ಲ ಕಡ್ಡಿ ಬಿಲ್ಲಿನ ಕಟ್ಟಿಗೆಗೆ ತಾಗಿ ಟಕ್ ಅನ್ನುತ್ತಿತ್ತು, ಇವತ್ತು ಏನೂ ಇಲ್ಲ.

ಒಬ್ಬಳೇ ನಕ್ಕೆ. ನಾಟಿ ಮಾಡುವವರಲ್ಲಿ ಒಬ್ಬಳು ತಲೆಯೆತ್ತಿ ನೋಡಿದಳು, ಟೀಚರಮ್ಮನಿಗೆ ಏನೋ ಆಗಿದೆ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ಬಿಸಿಲು ನೆತ್ತಿಗೆ ಬರುವ ತನಕ ಹೊಡೆದೆ. ಹೊಟ್ಟೆ ಹಸಿದದ್ದು ಮನೆಗೆ ಬಂದ ಮೇಲೆ ಗೊತ್ತಾಯಿತು, ಮೂರು ರೊಟ್ಟಿ ತಿಂದೆ.

ಇವರು ಊಟ ಮಾಡಿದರು.

ಜನವರಿ 26, ಭಾನುವಾರ

ಧ್ವಜಾರೋಹಣ ಮುಗಿಸಿ ಬಂದು ಉಳಿದ ಹನ್ನೊಂದೂ ಕಡ್ಡಿಗಳನ್ನು ಆ ಒಂದರ ಅಳತೆಗೆ ಕೊಯ್ದೆ. ಗರಿ ಅಂಟಿಸಿದೆ. ಗರಿ ನೀಲಿ. ಅದನ್ನು ನೋಡಿ ಅತ್ತೆಗೆ ಸಮಾಧಾನವಾಯಿತು, ಬಾಬಾಸಾಹೇಬರ ಫೋಟೊದ ಕೆಳಗೆ ಒಣಗಲು ಇಡು ಅಂದರು. ಅಲ್ಲೇ ಇಟ್ಟಿದ್ದೇನೆ.

ಮುಗಿಯಿತು, ಬಾಣ ತಯಾರು ಎಂದು ಇವರಿಗೆ ಹೇಳಿದೆ. ಹೂಂ ಅಂದರು. ಒಂದು ಸಲ ತಿರುಗಿ ನೋಡಬಾರದೇ? ಒಂದೂವರೆ ತಿಂಗಳು ಯಾರ ಸಲುವಾಗಿ ಕೈ ಕಂದಿಸಿಕೊಂಡೆನೋ. ನನಗೆ ಅಳು ಬರಲಿಲ್ಲ, ಆಯಾಸವಾಯಿತು. ಮಲಗುತ್ತೇನೆ.

ಫೆಬ್ರುವರಿ 6, ಗುರುವಾರ

ಗರಿ ಸರಿಯಾಗಿ ಅಂಟಿವೆಯೋ ಎಂದು ಹೊಡೆದು ನೋಡಲು ಶಾಲೆ ಹಿಂದೆ ಹೋಗಿದ್ದೆ. ನಿನ್ನೆಯೂ ಹೋಗಿದ್ದೆ, ಮೊನ್ನೆಯೂ. ಅಂಟು ಅಂದರೆ ನಂಬಲು ಬರುವುದಿಲ್ಲ.

ಅಡುಗೆ ತಡವಾಯಿತು ಎಂದು ಅತ್ತೆ ಗೊಣಗಿದರು. ಇವರು ಗೋಡೆಗೆ ಬೆರಳು ಹತ್ತಿಸುವ ವ್ಯಾಯಾಮ ಶುರು ಮಾಡಿದ್ದಾರಂತೆ, ಅತ್ತೆಯೇ ಹೇಳಿದರು. ಕಿಟಕಿಯ ಸರಳಿಗೆ ರಬ್ಬರ್ ಪಟ್ಟಿ ಕಟ್ಟಿದೆ. ಬಟ್ಟೆ ಹಾಕಲು ಕಟ್ಟಿದ್ದಾರೆ ಎಂದು ನಾನು ಅದರ ಮೇಲೆ ಟವೆಲು ಒಣಹಾಕಿದ್ದೆ.

ಫೆಬ್ರುವರಿ 12, ಬುಧವಾರ

ಹುಣ್ಣಿಮೆ. ಬುದ್ಧ ವಿಹಾರಕ್ಕೆ ಹೊರಡುವಾಗ ಇವರೂ ಬರುತ್ತೇನೆ ಅಂದರು. ಇಸ್ತ್ರಿ ಮಾಡಿದ ಅಂಗಿ ಇರಲಿಲ್ಲ, ಎಲ್ಲವೂ ಕೊನೆ ಗಳಿಗೆಗೇ. ಅವಸರದಲ್ಲಿ ಇಸ್ತ್ರಿ ಮಾಡಿ ಕೊಟ್ಟು ನಾನು ಸೀರೆ ಉಟ್ಟು ಬರುವಷ್ಟರಲ್ಲಿ ಗುಂಡಿ ಹಾಕಿಕೊಂಡು ನಿಂತಿದ್ದರು. ವಿಹಾರದಲ್ಲಿ ಕಣ್ಣು ಮುಚ್ಚಿ ಕೂತಾಗ ನನಗೆ ಕಂಡದ್ದು ಗೋಣಿಚೀಲ. ಯಾರಿಗೂ ಹೇಳಬಾರದು.

ಫೆಬ್ರುವರಿ 23, ಭಾನುವಾರ

ಬೆಳಿಗ್ಗೆ ನಾನು ಬಿಲ್ಲು ತೆಗೆದುಕೊಂಡು ಹೊರಡುವಾಗ ಇವರು ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ" ಅಂದರು. ಸ್ಕೂಟಿಯ ಹಿಂದೆ ಕೂತರು. ಇಡೀ ದಾರಿ ಗುಂಡಿ ತಪ್ಪಿಸುವುದರಲ್ಲೇ ನನ್ನ ಜೀವ ಹೋಯಿತು.

ಶಾಲೆ ಹಿಂದೆ ನಿಂತು ಬಿಲ್ಲಿಗೆ ದಾರ ಏರಿಸಿ ಕೊಟ್ಟೆ. ಇವರು ನಾನು ಏರಿಸುವುದನ್ನೇ ನೋಡುತ್ತಿದ್ದರು. ಮೊದಲು ಬಾಣವಿಲ್ಲದೆ ಅರ್ಧ ಎಳೆದು ನಿಧಾನ ಬಿಟ್ಟರು. ಮತ್ತೆ ಎಳೆದರು. ನನಗೆ ಪ್ಲೇಟು, ಸ್ಕ್ರೂ, ಡಾಕ್ಟರು, ಎಲ್ಲ ನೆನಪಾಯಿತು. ಆಮೇಲೆ ಬಾಣ ಏರಿಸಿದರು.

ಎಳೆದರು. ನನ್ನ ಕೈ ನಿಲ್ಲುವ ಕಡೆ ಅವರ ಕೈ ನಿಲ್ಲಲಿಲ್ಲ. ಭುಜ ಸ್ವಲ್ಪ ಅದುರಿತು, ಆದರೂ ಮೊಣಕೈ ಹಿಂದೆ ಹೋಯಿತು, ಇನ್ನೂ ಹೋಯಿತು, ದಾರ ಅವರ ದವಡೆಗೆ ಬಂತು. ಅಷ್ಟರಲ್ಲಿ ಬಾಣದ ಮೊನೆ ಮುಷ್ಟಿಯ ಮೇಲಿಂದ ಒಳಕ್ಕೆ ಜಾರಿತು. ಆಗ ಬಿಟ್ಟಿದ್ದರೆ ಅವರ ಕೈಗೇ ನಾಟುತ್ತಿತ್ತು. ಬಿಡಲಿಲ್ಲ. ಹಲ್ಲು ಕಚ್ಚಿ ನಿಧಾನ ಇಳಿಸಿ, ಬಾಣವನ್ನು ತೆಗೆದು ತಮ್ಮ ತೋಳಿಗೆ ಹಿಡಿದು ಅಳೆದರು. ಸರ್ವೇಯರ್ ಅಲ್ಲವೇ.

"ಇದು ಗಿಡ್ಡ ಐತಿ, ಅನು. ಯಾರ ಅಳತಿ ಇದು?"

ನನ್ನದು ಅಂದೆ. ನೀವು ಇನ್ನು ಅಷ್ಟೇ ಎಳೆಯುವುದು ಎಂದುಕೊಂಡು ಕೊಯ್ದೆ ಅಂದೆ. ಸುಳ್ಳು ಹೇಳಲು ಬರಲಿಲ್ಲ.

"ನನ್ನ ಕೈ ಇಷ್ಟಕ್ಕ ಮುಗೀತು ಅಂತ ತಿಳ್ಕೊಂಡಿದ್ಯಾ?"

ಕೂಗಲಿಲ್ಲ. ಮೆಲ್ಲಗೆ ಕೇಳಿದರು, ಅದೇ ಹೆಚ್ಚು ನೋವಾಯಿತು. ನೀ ಹೊಡೆದು ತೋರಿಸು ಅಂದರು. ಹೊಡೆದೆ. ಮೂರೂ ಒಂದರ ಪಕ್ಕ ಒಂದು ಹೋಗಿ ಕೂತವು. ನೋಡಿದರು, ಸ್ಕೂಟಿ ಹತ್ತಿರ ಹೋಗಿ ನಿಂತರು.

ಇವರ ಕೈ ಪೂರ್ತಿ ಬಂದಿದೆ. ಇದನ್ನು ಮೊದಲು ಬರೆಯಬೇಕಿತ್ತು. ಐದು ತಿಂಗಳಿಂದ ಬೇಡಿಕೊಂಡದ್ದು ಇವತ್ತು ಕಣ್ಣೆದುರು ಆಯಿತು, ಆದರೆ ಖುಷಿ ಪಡಲು ಬಿಡದ ಹಾಗೆ ಆಯಿತು.

ಫೆಬ್ರುವರಿ 24, ಸೋಮವಾರ

ಮತ್ತೆ ಗೋಡೆ ಕಡೆ ಮುಖ. ಆಯ್ಕೆ ಬರುವ ಭಾನುವಾರ. ಹೊಸ ಕಡ್ಡಿ ಬರಲು ವಾರ ಬೇಕು, ಬಂದ ಮೇಲೆ ಹೊಡೆದು ನೋಡಲು ಇನ್ನೆಷ್ಟು ದಿನವೋ. ಅವರು ಎದ್ದು ನಿಂತರು, ನಾನು ಕೆಳಗಿನ ಮೆಟ್ಟಿಲು ಕೊಯ್ದು ಇಟ್ಟಿದ್ದೆ.

ಅತ್ತೆ ಒಲೆ ಮುಂದೆ ಕೂತು ಹೇಳಿದ್ದು ಎದೆಯಲ್ಲಿ ಕೂತಿದೆ. "ಗಂಡನ ಬಾಣ ನಿನ್ನ ಕೈ ಅಳತಿಗೆ ಕೊಯ್ಕೊಂಡೀಯಲ್ಲಬೇ. ಹಿಂಗ ಯಾರರ ಮಾಡ್ತಾರೇನು?"

ನನಗೆ ಸಿಟ್ಟು ಬಂದಿದೆ. ಬರೆದೇಬಿಡುತ್ತೇನೆ. ಮುಖ ತೊಳೆಸಿದ್ದು ಯಾರು? ಸುಳ್ಳು ಹೇಳು ಅಂದದ್ದು ಯಾರು? ಮೂರು ತಿಂಗಳಲ್ಲಿ ಒಂದು ದಿನ ಈ ಕಡೆ ತಿರುಗಿ ಒಂದು ಕಡ್ಡಿ ಮುಟ್ಟಿ ನೋಡಿದ್ದರೆ ಅವತ್ತೇ ಹೇಳುತ್ತಿದ್ದರು, ಗಿಡ್ಡವಾಯಿತು ಎಂದು. ತಪ್ಪು ನನ್ನದೇ, ಒಪ್ಪುತ್ತೇನೆ. ಗಂಡನ ಕೈ ಇನ್ನು ಇಷ್ಟೇ ಎಂದು ಮನಸ್ಸಿನಲ್ಲೇ ತೀರ್ಮಾನ ಮಾಡಿದೆನಲ್ಲ, ಅದಕ್ಕೆ ನಾಚಿಕೆಯಾಗುತ್ತದೆ. ಆದರೆ ನಾನೊಬ್ಬಳೇ ಎಷ್ಟು ಹೊರಲಿ?

ಶಾಲೆ ಬಿಟ್ಟ ಮೇಲೆ ಮನೆಗೆ ಬರಲು ಮನಸ್ಸಾಗಲಿಲ್ಲ. ಬಿಲ್ಲು ಸ್ಕೂಟಿಯಲ್ಲೇ ಇತ್ತು. ಹೊಡೆದು ಬಂದೆ.

ಫೆಬ್ರುವರಿ 26, ಬುಧವಾರ

ಶಿವರಾತ್ರಿ, ಶಾಲೆಗೆ ರಜೆ. ರಹಿಮಾನ್ ಸರ್ ಫೋನು ಬಂತು. ಇವರೇ ಎಲ್ಲ ಹೇಳಿದರು, ಇಷ್ಟು ದಿನ ಹೊಡೆದದ್ದು ನಾನು ಎಂಬುದನ್ನೂ. ಆ ಕಡೆ ಸರ್ ಬಹಳ ನಕ್ಕದ್ದು ನನಗೂ ಕೇಳಿಸಿತು. ಆಮೇಲೆ ಒಂದು ಉಪಾಯ ಹೇಳಿದರಂತೆ: ಒಂದು ದಿನದ ಮಟ್ಟಿಗೆ ರಾಜೇಶ ಕಡಿಮೆ ಎಳೆದು, ಇದೇ ಬಾಣಗಳನ್ನು ಹೊಡೆಯಲಿ. ಅನುಪಮಾ ಎಷ್ಟು ಎಳೆಯುತ್ತಾರೋ ಅಷ್ಟೇ ಎಳೆದರೆ ಬಾಣ ಸರಿಯಾಗೇ ಹೋಗುತ್ತವೆ.

ಇವರು ಎದ್ದು ಕೂತರು. ಬಾಣ ಕೊಡು, ನಾಲ್ಕು ದಿನದಲ್ಲಿ ರೂಢಿ ಮಾಡಿಕೊಳ್ಳುತ್ತೇನೆ ಅಂದರು. ನಾನು ಎದ್ದು ಡಬ್ಬಿ ತಂದೆ. ಕೇಳಿದರೆ ತಂದು ಕೊಡುವುದು ಕೈಗೆ ರೂಢಿ. ಕೈಗೆ ಕೊಡುವ ಹೊತ್ತಿಗೆ ಅದೇ ಕೈ ಹಿಂದಕ್ಕೆ ಬಂತು.

"ಕೊಡಂಗಿಲ್ಲ" ಅಂದೆ.

ಇವರಿಗೆ ಕೇಳಿಸಲಿಲ್ಲ ಅನ್ನುವ ಹಾಗೆ ನೋಡಿದರು. ಬಿಲ್ಲು ನನ್ನದು ಅಂದರು.

"ಬಿಲ್ಲು ನಿಮ್ದರಿ, ಒಯ್ರಿ. ಬಾಣ ನನ್ನವು. ಗಿಡ್ಡ ಬಾಣದ ಸಲುವಾಗಿ ನಿಮ್ಮ ಕೈ ಗಿಡ್ಡ ಮಾಡ್ಕೋಬ್ಯಾಡ್ರಿ. ನಾ ಒಮ್ಮೆ ಆ ತಪ್ಪು ಮಾಡೀನಿ, ನೀವು ಮಾಡಬ್ಯಾಡ್ರಿ."

ಹನ್ನೆರಡು ವರ್ಷದ ಸಂಸಾರದಲ್ಲಿ ಈ ಮನೆಯ ಯಾವ ವಸ್ತುವನ್ನೂ ನನ್ನದು ಅಂದಿರಲಿಲ್ಲ, ಅನ್ನುವ ಅಗತ್ಯವೂ ಬಿದ್ದಿರಲಿಲ್ಲ. ಅಡುಗೆಮನೆಯಲ್ಲಿ ಅತ್ತೆಯ ಕೈಬಳೆ ಸದ್ದು ನಿಂತಿತು. ಇವರು ಬಹಳ ಹೊತ್ತು ನನ್ನ ಮುಖ ನೋಡಿದರು. ನೋಡಿ ಎಷ್ಟು ದಿನವಾಗಿತ್ತೋ, ನನಗೇ ಮುಜುಗರವಾಯಿತು.

ಸಂಜೆ ಅವರೇ ರಹಿಮಾನ್ ಸರ್‌ಗೆ ಫೋನ್ ಮಾಡಿ, ತಮ್ಮ ಉದ್ದಕ್ಕೆ ಆಗುವ ಬಾಣ ಯಾರದಾದರೂ ಇದ್ದರೆ ಕೈಗಡ ಕೊಡಿಸಿ ಎಂದು ಕೇಳಿದರು. ಆಮೇಲೆ, ಹೆಣ್ಣುಮಕ್ಕಳ ಆಯ್ಕೆಯೂ ಅವತ್ತೇ ಏನ್ರಿ, ಎಂದೂ ಕೇಳಿದರು. ನಾನು ತಟ್ಟೆ ತೊಳೆಯುತ್ತಿದ್ದೆ. ನೀರು ಬಿಟ್ಟದ್ದು ಬಿಟ್ಟ ಹಾಗೇ ಇತ್ತು.

ಮಾರ್ಚ್ 2, ಭಾನುವಾರ

ಮೊದಲು ಫಲಿತಾಂಶ ಬರೆದು ಮುಗಿಸುತ್ತೇನೆ. ಇಬ್ಬರೂ ಆಯ್ಕೆಯಾಗಲಿಲ್ಲ. ಹೆಣ್ಣುಮಕ್ಕಳಲ್ಲಿ ಇಬ್ಬರನ್ನು ತೆಗೆದುಕೊಂಡರು, ನಾನು ಮೂರನೆಯವಳು. ಗಂಡಸರಲ್ಲಿ ಇವರು ಎಲ್ಲೋ ಕೊನೆಯ ಕಡೆ. ಭುಜಕ್ಕೆ ಐಸ್ ಇಟ್ಟುಕೊಂಡು ಕೂತಿದ್ದಾರೆ. ನನ್ನ ಬೆನ್ನು ಬೆಂದ ಹಾಗಿದೆ. ಲಿಂಗಸುಗೂರಿನ ಬಿಸಿಲು ಮಾರ್ಚ್ ಅಂತ ನೋಡುವುದಿಲ್ಲ.

ಗಂಡಸರದು ಮೊದಲು ಇತ್ತು. ಇವರು ಕೈಗಡದ ಬಾಣಗಳನ್ನು ತಮ್ಮ ಪೂರ್ತಿ ಅಳತೆಗೇ ಎಳೆದು ಹೊಡೆದರು. ಬಾಣ ಇವರಿಗೆ ಹೊಂದಿದವಲ್ಲ, ಬಾಲ ಆಡಿಸುತ್ತ ಹೋದವು. ಕೆಲವು ಹುಲ್ಲಿನ ಹಲಗೆಗೆ, ಕೆಲವು ಮಣ್ಣಿಗೆ. ಆದರೆ ಕೊನೆಯ ಬಾಣದ ತನಕ ಗೆರೆಯ ಮೇಲಿಂದ ಕದಲಲಿಲ್ಲ. ಬೆವರಿನಲ್ಲಿ ತೊಯ್ದು ಬಂದು, ಬಿಲ್ಲನ್ನು ನನ್ನ ಕೈಗೆ ಕೊಟ್ಟು, ನೀರು ಕುಡಿದರು. ಐದು ತಿಂಗಳಲ್ಲಿ ಮೊದಲ ಸಲ ಮುಖದಲ್ಲಿ ಜೀವ ಕಂಡಿತು ಎಂದು ಬರೆದರೆ ಹೆಚ್ಚಾಗುವುದಿಲ್ಲ.

ನಮ್ಮ ಸರದಿಗೆ ಮೊದಲು ಒಬ್ಬರು ಬಂದು ಎಲ್ಲರ ಬಾಣ ಪರೀಕ್ಷೆ ಮಾಡಿದರು. ನನ್ನವನ್ನು ತಿರುಗಿಸಿ ನೋಡಿ, ಮೇಡಂ, ಹೆಸರೇ ಇಲ್ಲವಲ್ಲ ಅಂದರು. ಪಂದ್ಯದಲ್ಲಿ ಪ್ರತಿ ಬಾಣದ ಮೇಲೂ ಹೊಡೆಯುವವರ ಹೆಸರಿನ ಅಕ್ಷರ ಇರಬೇಕಂತೆ, ಇಲ್ಲದಿದ್ದರೆ ಹೊಡೆಯುವ ಗೆರೆಗೆ ಹೋಗುವ ಹಾಗಿಲ್ಲ. ನನಗೆ ಅದು ಗೊತ್ತಿರಲಿಲ್ಲ; ಇವರ ಕೈಗಡದ ಬಾಣಗಳ ಮೇಲೆ ರಹಿಮಾನ್ ಸರ್ ಬೆಳಿಗ್ಗೆಯೇ ಇವರ ಅಕ್ಷರ ಬರೆದಿದ್ದರಂತೆ, ನನ್ನವು ಯಾರಿಗೂ ನೆನಪಾಗಿರಲಿಲ್ಲ. ಕಾರ್ಬನ್ ಕರಿ ಕಡ್ಡಿ, ನನ್ನ ಹತ್ತಿರ ಇದ್ದದ್ದು ತಿದ್ದುವ ಕೆಂಪು ಪೆನ್ನು. ಅದರಲ್ಲಿ ಬರೆದರೆ ಏನು ಕಾಣುತ್ತದೆ? ಹೆಸರು ಕೂಗಲು ಶುರು ಮಾಡಿದ್ದರು. ನನಗೆ ಗಾಬರಿಯಾಗಿ ಡಬ್ಬಿ ಮುಚ್ಚಿ, ಇರಲಿ ಬಿಡಿ, ಮನೆಗೆ ಹೋಗೋಣ ಅಂದೆ.

ಇವರು ಎಲ್ಲಿಂದಲೋ ಬಿಳಿ ಪೆಯಿಂಟಿನ ಪೆನ್ನು ತಂದರು. ನೆಲಕ್ಕೆ ಮಂಡಿಯೂರಿ ಕೂತು, ಡಬ್ಬಿ ಬಿಚ್ಚಿ, ಬಾಣಗಳನ್ನು ತೊಡೆಯ ಮೇಲೆ ಇಟ್ಟುಕೊಂಡರು. ಬಲಗೈಯಲ್ಲೇ ಪೆನ್ನು ಹಿಡಿದರು. ಅಷ್ಟು ಎಳೆದು ದಣಿದ ಕೈ, ಬೆರಳು ನಿಲ್ಲುತ್ತಿರಲಿಲ್ಲ. ಎಡಗೈಯಿಂದ ಮಣಿಕಟ್ಟು ಒತ್ತಿ ಹಿಡಿದುಕೊಂಡು, ಗರಿಯ ಕೆಳಗೆ ಒಂದೊಂದರ ಮೇಲೂ ಬರೆದರು: ಅ. ಅ. ಅ. ಹಿಂದೆ ನಿಂತವರು ನೋಡುತ್ತಿದ್ದರು. ರಹಿಮಾನ್ ಸರ್ ನಾ ಬರೀತೀನಿ ಕೊಡು ಅಂದರು, ಇವರು ಪೆನ್ನು ಬಿಡಲಿಲ್ಲ.

ಕೊನೆಯ ಬಾಣಕ್ಕೆ ಬರುವಷ್ಟರಲ್ಲಿ ಕೈ ಸೋತಿತ್ತು. ಅಕ್ಷರ ಸೊಟ್ಟಗಾಗಿ ಬಾಲ ಎಳೆದುಕೊಂಡಿತು. ಉಗುರಿನಿಂದ ಕೆರೆದು ತೆಗೆಯಲು ಹೋದರು. ಬೇಡ ಅಂದೆ, ಅದನ್ನೇ ಮೊದಲು ಏರಿಸುತ್ತೇನೆ ಅಂದೆ. ಬಾಣ ನನ್ನ ಕೈಗೆ ಕೊಟ್ಟು, ನೆಲಕ್ಕೆ ಎಡಗೈ ಊರಿ ಎದ್ದು ನಿಂತರು.

"ಹೋಗು" ಅಂದರು. "ಕೂಗಾಕತ್ಯಾರ."